ಇಳಿತದ ರಸಾಸ್ವಾದ

ಕುಮಟೆಯ ಬಳಿ ಅಘನಾಶಿನಿಯು ಕಡಲನ್ನು ಸೇರುವ ಅಳಿವೆಗೆ ಬೆಳಗಿನ ಜಾವ ಬಂದು, ಮಿಂಚುಳ್ಳಿಯೊಂದರ ಚಿತ್ರವನ್ನು ತೆಗೆದೊಡನೆಯೇ ಕೃತಾರ್ಥರಾದೆವೆಂದು ಹಿಂದಿರುಗುವವರನ್ನು ಕಂಡಾಗಲೆಲ್ಲ, ಆಲಾಪನೆ ಮುಗಿಯುವ ಮೊದಲೇ ಸಭೆಯಿಂದೆದ್ದು ನಡೆಯುವವರನ್ನು ಕಂಡಷ್ಟೇ ಖೇದವಾಗುತ್ತದೆ ನನಗೆ. “ಇಂದು ಎಷ್ಟು ಜಾತಿ ಕಂಡಿರಿ?” ಎಂಬ ಪ್ರಶ್ನೆಯು ಉಗ್ರಾಣಿಕನಿಗೆ ಒಪ್ಪುವಂಥದು.

ಅಳಿವೆಯನ್ನು ನೋಡಬಯಸುವವನು ಮೊದಲು ಪಂಚಾಂಗವನ್ನು ನೋಡಬೇಕು. ಉಬ್ಬರದಿಂದ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುವುದರಿಂದ, ಇಂದಿನ ಇಳಿತವು ನಾಳೆ ಹೆಚ್ಚುಕಡಿಮೆ 50 ನಿಮಿಷ ತಡವಾಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳು ಕಳೆದ ಒಂದೆರಡು ದಿನಗಳಲ್ಲಿ ಮುಂಜಾವಿನ ನೀರು ಬಹುದೂರ ಹಿಂಜರಿದು, ಕಾಂಡ್ಲಾ ಗಿಡಗಳ ಬೇರುಗಳಾಚೆಗೆ ಕೆಸರಿನ ವಿಶಾಲವಾದ ರಂಗಸ್ಥಳವು ತೆರೆದುಕೊಳ್ಳುತ್ತದೆ.

ಈ ಪಾಠ ನನಗೂ ತಡವಾಗಿಯೇ ದೊರೆಯಿತು. ತಾರುಣ್ಯದಲ್ಲಿ ಒಮ್ಮೆ, ತುಂಬಿದ ಅಳಿವೆಯ ದಂಡೆಯಲ್ಲಿ ದುರ್ಬೀನು ಹಿಡಿದು ನಿರಾಶನಾಗಿ ನಿಂತಿದ್ದ ನನ್ನನ್ನು ಕಂಡು, ಬೆಳಚಿನ ಚಿಪ್ಪುಗಳನ್ನು ಆಯಲು ಬುಟ್ಟಿಯೊಡನೆ ಕಾದು ಕುಳಿತಿದ್ದ ವೃದ್ಧೆಯೊಬ್ಬಳು, “ತಮಾ, ನೀರ್ ಇಳಿಯೂಕೆ ಬಿಡು, ಆಮೇಲೆ ನೋಡು” ಎಂದಳು. ಎರಡು ತಾಸು ಅವಳ ಪಕ್ಕದಲ್ಲಿ ಕುಳಿತೆ. ನೀರು ಗೇಣುಗೇಣಾಗಿ ಸರಿದಂತೆ ಆಕೆ ಕೆಸರಿಗಿಳಿದಳು, ಹಕ್ಕಿಗಳೂ ಇಳಿದವು.

ಆಗ ಕೊಕ್ಕುಗಳನ್ನು ನೋಡಬೇಕು. ಗರಿಯ ಬಣ್ಣ ಕಾದಿರಲಿ. ಟಿಟ್ಟಿಭದ ದಾಯಾದಿಯಾದ ಮೊಟಕು ಕೊಕ್ಕಿನ ಪುಟ್ಟ ಹಕ್ಕಿ ಕಣ್ಣನ್ನೇ ನಂಬಿ, ನಾಲ್ಕು ಹೆಜ್ಜೆ ಓಡಿ, ಥಟ್ಟನೆ ನಿಂತು, ಮೇಲ್ಪದರದ ಹುಳುವನ್ನು ಹೆಕ್ಕುತ್ತದೆ. ಗೊರವಗಳ ಬಳಗದಲ್ಲಿ ಹಲವಕ್ಕೆ ಕೊಕ್ಕಿನ ತುದಿಯೇ ಸ್ಪರ್ಶೇಂದ್ರಿಯವಾಗಿರುವುದರಿಂದ, ಅವು ಕಾಣದ ಬೇಟೆಯನ್ನು ಕೆಸರಿನೊಳಗೆ ತಡಕಿ, ಆ ತುದಿಯನ್ನಷ್ಟೇ ತೆರೆದು ಹಿಡಿಯಬಲ್ಲವು. ನೀಳವಾಗಿ ಕೆಳಗೆ ಬಾಗಿದ ಕೊಕ್ಕುಳ್ಳ ಹಿರಿಯ ಹಕ್ಕಿಯಾದರೋ ಏಡಿಯ ಬಿಲದ ಆಳಕ್ಕೇ ಕೈಯಿಕ್ಕುತ್ತದೆ. ಒಂದೇ ಕೆಸರಿನಲ್ಲಿ, ಒಬ್ಬರ ಎಲೆಗೆ ಇನ್ನೊಬ್ಬರು ಬಹುಮಟ್ಟಿಗೆ ಕೈಹಾಕದಂತೆ, ಆಳ ಆಳಗಳನ್ನು ಹಂಚಿಕೊಂಡು ನಡೆಯುವ ಈ ಪಂಕ್ತಿಭೋಜನವನ್ನು ಮೂವತ್ತು ಚಳಿಗಾಲ ನೋಡಿಯೂ ನಾನು ತಣಿದಿಲ್ಲ.

ಒಂದು ಮಾರ್ಗಶಿರದ ಬೆಳಗು ಗಿಡುಗವೊಂದು ಎರಗಿದಾಗ, ನೂರಾರು ಹಕ್ಕಿಗಳ ಹಿಂಡು ಒಂದೇ ದೇಹವೆಂಬಂತೆ ಮೇಲೆದ್ದು, ಕಂದು ಬೆನ್ನುಗಳನ್ನು ಮರೆಮಾಡಿ ಬಿಳಿಯ ಹೊಟ್ಟೆಗಳನ್ನು ಹೊರಳಿಸಿದ ಆ ಕ್ಷಣ ಇಂದಿಗೂ ಕಣ್ಣಿನಲ್ಲಿದೆ. ನೀರುನಾಯಿಯ ಹೆಜ್ಜೆ, ಒಂದೇ ಕೊಂಡಿ ಹಿರಿದಾದ ಗಂಡು ಏಡಿ, ಕೆಸರಿನ ಮೇಲೆ ನೆಗೆಯುವ ಮೀನು, ಇವೆಲ್ಲ ತಾವಾಗಿಯೇ ಕಣ್ಣಿಗೆ ಬೀಳುವುವು.

2024ರಲ್ಲಿ ಈ ಅಳಿವೆಯು ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ ವಾರ್ತೆಯನ್ನೋದಿ ಬರುವ ಮಿತ್ರರು ಮೊದಲು ಕೇಳುವುದು ರಾಜಹಂಸವನ್ನು. ಶಿರಸಿಯ ಸೀಮೆಯಲ್ಲಿ ಹುಟ್ಟಿ, ಅಣೆಕಟ್ಟಿನ ತಡೆಯಿಲ್ಲದೆ ಹರಿದ ಹೊಳೆಯು ಹೊತ್ತುತಂದ ಮಣ್ಣೇ ಕಾಲಡಿಯ ಈ ಕೆಸರೆಂಬುದನ್ನು ಕೇಳುವ ತಾಳ್ಮೆ ಅವರಿಗಿಲ್ಲ. ನೀವಾದರೂ ಕೆಸರಿಗೆ ಕಾಲಿಡದೆ ದಂಡೆಯಲ್ಲಿಯೇ ಕುಳಿತು, ನೀರು ಮರಳಿ ಬರುವವರೆಗೆ ಏಳದಿರಿ. ಹಕ್ಕಿಗಳು ಅಂಚಿಗೆ ಒತ್ತರಿಸಿಕೊಂಡು ತೀರ ಹತ್ತಿರಕ್ಕೆ ಬರುವುದು ಆಗಲೇ.