ಪುರದ್ವಾರದಲ್ಲಿ ನಿಂತವರು

ಸೇಡಂ ತಾಲೂಕಿನ ಮಳಖೇಡವನ್ನು ನಮ್ಮವರು ನೆನೆಯುವುದು ನೃಪತುಂಗನ ಸಿಂಹಾಸನದೊಡನೆ. ಆ ಮಾನ್ಯಖೇಟದ ಹೊರಗೆ, ನಡೆದು ಬಳಲಿ, ಪಟ್ಟಣವನ್ನು ಹೊಗಲೊಲ್ಲದೆ ತೋಪಿನಲ್ಲಿ ಕುಳಿತ ಪರಸ್ಥಳದವನೊಬ್ಬನನ್ನು ನೆನೆಯುವವರು ವಿರಳ. ಅವನೇ ಅಪಭ್ರಂಶದ ಮಹಾಕವಿ ಪುಷ್ಪದಂತನು. ವಾಡಿ ಜಂಕ್ಷನ್ನಿನಲ್ಲಿ ಗಂಟುಮೂಟೆಗಳೊಡನೆ ಮುಂಬಯಿ, ಹೈದರಾಬಾದು, ಬೆಂಗಳೂರುಗಳ ಗಾಡಿಯನ್ನು ಕಾಯುವ ಚಿತ್ತಾಪುರ, ಚಿಂಚೋಳಿಗಳ ತರುಣರನ್ನು ಕಂಡಾಗಲೆಲ್ಲ ನನಗೆ ಆ ಕವಿಯೂ, ಅವನ ಜೊತೆಗೆ ಶೂದ್ರಕನ ‘ಮೃಚ್ಛಕಟಿಕ’ದ ಸಂವಾಹಕನೂ ನೆನಪಾಗುವರು. ಸಿರಿಯೂ ಬಡತನವೂ ಒಂದೇ ಬೀದಿಯಲ್ಲಿ ವಾಸಿಸುವ ನಗರಕ್ಕೆ ಹೊಸದಾಗಿ ಹೋಗುವವನು ತಿಳಿದಿರಬೇಕಾದುದನ್ನು ಈ ಇಬ್ಬರೂ ಬಲ್ಲರು.

ಪುಷ್ಪದಂತನ ‘ಮಹಾಪುರಾಣ’ವು ಕ್ರಿ. ಶ. 959ರಲ್ಲಿ ಆರಂಭವಾಗಿ 965ರಲ್ಲಿ ಮುಗಿದ ಗ್ರಂಥವು. ಇದರ ಪೀಠಿಕೆಯಲ್ಲಿ ಕವಿಯು ತನ್ನ ಆಗಮನವನ್ನು ತಾನೇ ಬಣ್ಣಿಸಿರುವನು. ತೋಪಿಗೆ ಬಂದ ಇಬ್ಬರು ಪುರುಷರು, ನಿರ್ಜನಸ್ಥಳದಲ್ಲಿ ಏಕೆ ಕುಳಿತಿರುವಿರಿ, ಪಟ್ಟಣಕ್ಕೆ ಏಕೆ ಬರಲೊಲ್ಲಿರಿ ಎಂದು ಕೇಳುವರು. ಸಿರಿವಂತರ ಹುಬ್ಬುಗಂಟನ್ನು ನೋಡುವುದಕ್ಕಿಂತ ಗಿರಿಗುಹೆಯ ಬಡತನವೇ ಲೇಸೆಂಬುದು ಅವನ ಉತ್ತರದ ತಾತ್ಪರ್ಯ. ಕೊನೆಗೆ ಅವರು ಮೂರನೆಯ ಕೃಷ್ಣನ ಮಂತ್ರಿಯಾದ ಭರತನ ಸೌಜನ್ಯವನ್ನು ವರ್ಣಿಸಿ, ಕವಿಯನ್ನು ಆತನ ಮನೆಗೆ ಕರೆದೊಯ್ಯುವರು. ಅಲ್ಲಿ ದೊರೆತ ಆದರದ ಫಲವೇ ಈ ಮಹಾಕೃತಿ.

ಈ ಭಾಗವನ್ನು ಆಶ್ರಯದಾತನ ಸ್ತುತಿಯೆಂದು ಓದುವುದು ವಾಡಿಕೆ. ನನ್ನ ಅಲ್ಪಮತಿಗೆ ಹಾಗೆ ತೋರುವುದಿಲ್ಲ. ಹೊಗಳಿಕೆಯೇ ಉದ್ದೇಶವಾಗಿದ್ದರೆ ತೋಪಿನ ಪ್ರಸಂಗವು ಬೇಕಿರಲಿಲ್ಲ. ಒಳಗೆ ಹೋಗುವ ಮುನ್ನ ಹೊರಗೆ ಕುಳಿತ ಆ ಒಂದು ಗಳಿಗೆಯಲ್ಲಿಯೇ ಅದರ ಜೀವವಿರುವುದು. ‘ಅಭಿಮಾನಮೇರು’ ಎಂದು ತನ್ನನ್ನು ಕರೆದುಕೊಂಡ ಕವಿಯು ಅನ್ನಕ್ಕಿಂತ ಮೊದಲು ಮಾನವನ್ನು ಕೇಳಿದನು. ಆದರೆ ಒಂದು ಕೊರತೆಯನ್ನೂ ಹೇಳಲೇಬೇಕು. ಅವನ ಕೈಯಲ್ಲಿ ಕಾವ್ಯವಿತ್ತು. ಆದ್ದರಿಂದ ಕರೆಯಲು ಜನರು ಬಂದರು. ಕಾವ್ಯವಿಲ್ಲದೆ ಅದೇ ತೋಪಿನಲ್ಲಿ ಕುಳಿತವನನ್ನು ಯಾರು ಕರೆದಾರು? ಪುರಾಣವು ಆ ಮಾತನ್ನು ಎತ್ತುವುದಿಲ್ಲ.

ಶೂದ್ರಕನು ಎತ್ತಿರುವನು. ಅವನ ಸಂವಾಹಕನು ಪಾಟಲಿಪುತ್ರದ ಗೃಹಸ್ಥನ ಮಗನು. ಹೊಸ ದೇಶವನ್ನು ನೋಡುವ ಕುತೂಹಲದಿಂದ ಉಜ್ಜಯಿನಿಗೆ ಬಂದವನು. ಕಲೆಯೆಂದು ಕಲಿತ ಅಂಗಮರ್ದನವು ಅಲ್ಲಿ ಹೊಟ್ಟೆಪಾಡಾಯಿತು. ನಾಟಕವು ಅವನಿಗೆ ಹೆಸರನ್ನು ಸಹ ಕೊಟ್ಟಿಲ್ಲ, ಕೆಲಸವೇ ಹೆಸರು. ಧಣಿಯಾದ ಚಾರುದತ್ತನು ಸಜ್ಜನನೇ. ಆದರೆ ಅವನ ಸಂಪತ್ತು ಕರಗಿದೊಡನೆ ಆಳಿನ ಬಾಳೂ ಕುಸಿಯಿತು. ಜೂಜು, ಹತ್ತು ಸುವರ್ಣದ ಸಾಲ, ಬೀದಿಯಲ್ಲಿ ಹೊಡೆತ. ಪಾಠಶಾಲೆಯಲ್ಲಿ ಈ ಎರಡನೆಯ ಅಂಕವನ್ನು ಹಾಸ್ಯವೆಂದೇ ನಮಗೆ ಹೇಳಿಕೊಟ್ಟಿದ್ದರು. ಸಾಲಗಾರನು ಶೂನ್ಯದೇಗುಲದಲ್ಲಿ ವಿಗ್ರಹದಂತೆ ನಿಲ್ಲುವುದನ್ನು ಓದಿ ನಾವು ನಕ್ಕಿದ್ದೆವು. ಮುಂದೆ ಉಪಾಧ್ಯಾಯನಾಗಿ ನಾನೂ ಹುಡುಗರನ್ನು ನಗಿಸಿದೆನು.

ಆ ನಗೆಯನ್ನು ನಿಲ್ಲಿಸಿದವನು ಚಿಂಚೋಳಿಯ ಕಡೆಯ ನನ್ನೊಬ್ಬ ಶಿಷ್ಯ. ಮುಂಬಯಿಯಲ್ಲಿ ಎರಡು ವರ್ಷ ದುಡಿದು, ಸಾಲ ಹೊತ್ತು ಮರಳಿದವನು ನಮ್ಮ ಜಗಲಿಯ ಕೆಳಗೆ ನಿಂತು ಹೇಳಿದನು: “ಅಲ್ಲಿ ನೆಲಕ್ಕ ಹಾಸಿದ್ದು ನಮ್ಮ ಶಹಾಬಾದ್ ಫರಸಿನೇ ರೀ, ಗುರುಗಳ. ಆದ್ರ ಅದರ ಮ್ಯಾಲ ಕೂಡ್ರು ಅಂತ ಯಾರೂ ಅನ್ನಲಿಲ್ಲ.” ಅಂದು ನನಗೆ ಎರಡನೆಯ ಅಂಕವು ಅರ್ಥವಾಯಿತು. ಅದು ಹಾಸ್ಯದ ವೇಷ ತೊಟ್ಟ ಕರುಣವು.

ಹಾಗಾದರೆ ಹೋಗುವವರಿಗೆ ಈ ಕೃತಿಗಳ ಬುದ್ಧಿವಾದವೇನು? ನಗರವು ಹೆಸರನ್ನು ಕೇಳುವ ಮೊದಲೇ ಬೆಲೆ ಕಟ್ಟುವುದು; ಆ ಬೆಲೆಯನ್ನು ತನ್ನ ಯೋಗ್ಯತೆಯೆಂದು ನಂಬತಕ್ಕದ್ದಲ್ಲ. ಒಳ್ಳೆಯ ಧಣಿಯು ದೊರೆಯುವುದು ದೈವಯೋಗವೇ ಹೊರತು ಹಕ್ಕಲ್ಲ. ಒಂದೇ ಕಂಬಕ್ಕೆ ಮನೆಯ ಭಾರವನ್ನೆಲ್ಲ ಹೊರಿಸಬಾರದು. ನ್ಯಾಯಸ್ಥಾನವನ್ನೂ ಕಣ್ಣು ತೆರೆದೇ ನೋಡಬೇಕು: ಒಂಬತ್ತನೆಯ ಅಂಕದಲ್ಲಿ ಇಂದು ವಿಚಾರಣೆಯಿಲ್ಲವೆಂದ ಅಧಿಕಾರಿಯು, ರಾಜನ ಮೈದುನನು ಗದರಿಸಿದೊಡನೆ ಮಣಿಯುವನು. ಆಪತ್ತಿನಲ್ಲಿ ಕೈಹಿಡಿಯುವವರು ಬಹುಶಃ ತಾವೂ ನೊಂದವರೇ. ಸಂವಾಹಕನ ಸಾಲವನ್ನು ತೀರಿಸಿದವಳು ಗಣಿಕೆಯಾದ ವಸಂತಸೇನೆ; ಶಕಾರನು ಕೊರಳೊತ್ತಿ ಎಲೆಗಳಡಿ ಮುಚ್ಚಿಹೋದ ಅವಳನ್ನು ಬದುಕಿಸಿದವನು, ಅಷ್ಟರಲ್ಲಿ ಬೌದ್ಧಭಿಕ್ಷುವಾಗಿದ್ದ ಆ ಸಂವಾಹಕನೇ.

ಆದರೆ ಬುದ್ಧಿವಾದವೆಲ್ಲ ಹೋಗುವವರಿಗೇ ಆದರೆ ಅದು ಅರ್ಧಸತ್ಯವಾದೀತು. ಕಲ್ಲಿನ ಗಣಿಗಳಿಗೂ ಸಿಮೆಂಟಿನ ಕಾರ್ಖಾನೆಗಳಿಗೂ ಕೂಲಿಯನ್ನರಸಿ ನಮ್ಮ ಶಹಾಬಾದ, ವಾಡಿಗಳಿಗೂ ಪರಸ್ಥಳದವರು ಬರುತ್ತಿರುವರು. ಅವರ ಪಾಲಿಗೆ ಪಟ್ಟಣವೆಂದರೆ ನಾವೇ, ಹುಬ್ಬುಗಂಟೂ ನಮ್ಮದೇ. ಮಾನ್ಯಖೇಟವು ‘ಮಹಾಪುರಾಣ’ ಮುಗಿದ ಏಳೇ ವರ್ಷಗಳಲ್ಲಿ, 972ರಲ್ಲಿ, ಪರಮಾರ ಸೀಯಕನ ಸೂರೆಗೆ ಸಿಕ್ಕಿತು. ಪುಷ್ಪದಂತನು ಇನ್ನೆಲ್ಲಿ ನೆಲೆಸಲೆಂದು ಹಲುಬಿದನು. ಇಂದು ಉಳಿದಿರುವುದು ಕೋಟೆಯ ಅವಶೇಷ, ಮತ್ತು ಭರತನೆಂಬವನು ಅತಿಥಿಯೊಬ್ಬನನ್ನು ಆದರಿಸಿದನೆಂಬ ಮಾತು.

ನನ್ನ ಶಿಷ್ಯನು ಆ ದಿನ ಜಗಲಿಯ ಕೆಳಗೆ ನಿಂತೇ ಮಾತಾಡಿದನು. ಜಗಲಿಗೆ ಹಾಸಿದ್ದೂ ಶಹಾಬಾದಿನ ಕಲ್ಲೇ. ಮೇಲೆ ಬಂದು ಕುಳಿತುಕೊಳ್ಳೆಂದು ಹೇಳಲು ನನಗೆ ನೆನಪಾದದ್ದು ಅವನು ಹೋದ ಮೇಲೆ.