ಕಾನೂನು ಸಂಶೋಧನೆಯಲ್ಲಿ ಅಂತರ್ಜಾಲ ಶೋಧ: ಒಂದು ವಿಮರ್ಶೆ

ಪೂರ್ವನಿರ್ಣಯಗಳನ್ನು ಅರಸುವ ಕಾರ್ಯವು ಒಂದು ಕಾಲದಲ್ಲಿ ವರದಿಸಂಪುಟಗಳ ಮುಂದೆ ದಿನಗಟ್ಟಲೆ ಕುಳಿತು ನಡೆಸಬೇಕಾದ ಶ್ರಮವಾಗಿತ್ತು. 2008ರಲ್ಲಿ ಆರಂಭವಾದ ‘ಇಂಡಿಯನ್ ಕಾನೂನ್’ ಜಾಲತಾಣವೂ, 2023ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೆರೆದ ‘ಇ-ಎಸ್‌ಸಿಆರ್’ ಭಂಡಾರವೂ ಆ ಶ್ರಮವನ್ನು ಬಹುಮಟ್ಟಿಗೆ ನೀಗಿವೆ. ಸಣ್ಣ ಊರಿನ ವಕೀಲನಿಗೂ ಶುಲ್ಕವಿಲ್ಲದೆ ತೀರ್ಪಿನ ಪೂರ್ಣಪಾಠ ದೊರೆಯುವುದು ಅಲ್ಪವಾದ ಉಪಕಾರವಲ್ಲ. ಆದರೆ ದೊರೆತದ್ದೆಲ್ಲ ಪ್ರಮಾಣವೆಂದು ಭಾವಿಸುವ ಅಭ್ಯಾಸವೂ ಇದರೊಡನೆ ಬೆಳೆದಿದೆ. ಕರಾರುಗಳ ವಿಷಯದಲ್ಲಿ ಇದರಿಂದೊದಗುವ ಅನರ್ಥವನ್ನು ಎರಡು ನಿದರ್ಶನಗಳಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲನೆಯದು ಪದಕ್ಕೆ ಸಂಬಂಧಿಸಿದ್ದು. ಕೆಲಸ ತಡವಾದರೆ ಗುತ್ತಿಗೆದಾರನು ಇಂತಿಷ್ಟು ಹಣ ತೆರಬೇಕೆಂಬ ಷರತ್ತನ್ನು ಬರೆಯಹೊರಟವನು ‘ಪೆನಾಲ್ಟಿ’ ಎಂಬ ಶಬ್ದವನ್ನು ಹಿಡಿದು ಹುಡುಕಿದನೆನ್ನೋಣ. 1915ರ ಡನ್‌ಲಪ್ ಮೊಕದ್ದಮೆಯೇ ಮೊದಲಾದ ಇಂಗ್ಲಿಷ್ ತೀರ್ಪುಗಳು ಆತನಿಗೆ ಎದುರಾಗುವುದು ಸಹಜ. ದಂಡ ಬೇರೆ, ಪೂರ್ವನಿಶ್ಚಿತ ಪರಿಹಾರ ಬೇರೆ ಎಂದು ವಿಂಗಡಿಸಿ, ಮೊದಲನೆಯದನ್ನು ನಿರಾಕರಿಸುವುದು ಆ ಸಂಪ್ರದಾಯ. 1872ರ ಭಾರತೀಯ ಕರಾರು ಕಾಯಿದೆಯ 74ನೆಯ ಕಲಮಾದರೋ ಆ ಭೇದವನ್ನೇ ತೊಡೆದುಹಾಕಿ, ಕರಾರಿನಲ್ಲಿ ನಮೂದಾದ ಮೊತ್ತವನ್ನು ಮೀರದ ಯುಕ್ತ ಪರಿಹಾರವನ್ನು ಮಾತ್ರ ಕೊಡಿಸುತ್ತದೆ. ಫತೇಚಂದ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1963ರಲ್ಲಿಯೇ ಇದನ್ನು ವಿಶದಪಡಿಸಿತು. ನಷ್ಟವನ್ನು ರುಜುವಾತುಪಡಿಸಲು ಸಾಧ್ಯವಿರುವೆಡೆ ಅದರ ಸಾಕ್ಷ್ಯ ಬೇಕೆಂದು 2015ರ ಕೈಲಾಸನಾಥ್ ತೀರ್ಪು ಹೇಳಿತು. ಆದುದರಿಂದ ಮೊದಲು ಕಾಯಿದೆಯನ್ನು ಓದಿ, ಅದರ ಪದಗಳನ್ನೇ ಉದ್ಧರಣ ಚಿಹ್ನೆಯೊಳಗಿಟ್ಟು, ನ್ಯಾಯಾಲಯವನ್ನೂ ಕಾಲಾವಧಿಯನ್ನೂ ಗೊತ್ತುಮಾಡಿಕೊಂಡು ಶೋಧಿಸುವುದು ಲೇಸು.

ಎರಡನೆಯದು ಕಾಲಕ್ಕೆ ಸಂಬಂಧಿಸಿದ್ದು. ಮುದ್ರಾಂಕ ಶುಲ್ಕ ಸಲ್ಲಿಸದ ಕರಾರಿನೊಳಗಿನ ಮಧ್ಯಸ್ಥಿಕೆಯ ಒಪ್ಪಂದವು ಜಾರಿಗೆ ಅರ್ಹವಲ್ಲವೆಂದು ಎನ್.ಎನ್. ಗ್ಲೋಬಲ್ ಮೊಕದ್ದಮೆಯಲ್ಲಿ ಐವರ ಪೀಠವು 2023ರ ಏಪ್ರಿಲ್ 25ರಂದು ಬಹುಮತದಿಂದ ನಿರ್ಣಯಿಸಿತು. ಅದೇ ವರ್ಷದ ಡಿಸೆಂಬರ್ 13ರಂದು ಏಳ್ವರ ಪೀಠವು ಈ ನಿರ್ಣಯವನ್ನು ತಳ್ಳಿಹಾಕಿತು. ಅಂಥ ಪತ್ರವು ಸಾಕ್ಷ್ಯವಾಗಿ ಸ್ವೀಕಾರಾರ್ಹವಲ್ಲವಾದರೂ ಶೂನ್ಯವಲ್ಲ, ದೋಷವು ಪರಿಹಾರ್ಯವಾದುದು, ಅದರ ವಿಚಾರಣೆ ಮಧ್ಯಸ್ಥರಿಗೆ ಸೇರಿದ್ದು ಎಂಬುದು ಅದರ ಅಭಿಪ್ರಾಯ. ಆದರೂ ಏಪ್ರಿಲ್ ತಿಂಗಳ ತೀರ್ಪು ಭಂಡಾರದಲ್ಲಿ ಹಾಗೆಯೇ ಉಳಿದಿದೆ. ಅದೊಂದನ್ನೇ ಓದಿದವನು, ಮಧ್ಯಸ್ಥಿಕೆಯ ದಾರಿ ಮುಚ್ಚಿತೆಂದು ತನ್ನ ಕಕ್ಷಿದಾರನಿಗೆ ಹೇಳಿಯಾನು. ತೀರ್ಪೊಂದನ್ನು ಎಷ್ಟು ತೀರ್ಪುಗಳು ಉಲ್ಲೇಖಿಸಿವೆಯೆಂಬ ಲೆಕ್ಕವೂ ಇಲ್ಲಿ ಸಾಲದು. ಖಂಡಿಸಲೆಂದು ಉಲ್ಲೇಖಿಸಿದ್ದೂ ಆ ಲೆಕ್ಕದೊಳಗೆ ಸೇರುತ್ತದೆ. ಉಲ್ಲೇಖಿಸಿದ ತೀರ್ಪುಗಳಲ್ಲಿ ಇತ್ತೀಚಿನದನ್ನೂ, ಹೆಚ್ಚು ನ್ಯಾಯಮೂರ್ತಿಗಳ ಪೀಠ ಕೊಟ್ಟದ್ದನ್ನೂ ತೆರೆದು ಓದಿಯೇ ಮುಂದುವರಿಯಬೇಕು.

ಹಸ್ತಪ್ರತಿ ದೊರೆತ ಮಾತ್ರಕ್ಕೆ ಪಾಠನಿರ್ಣಯವಾಗದೆಂಬುದನ್ನು ಗ್ರಂಥಸಂಪಾದಕರು ಬಲ್ಲರು. ತೀರ್ಪಿನ ವಿಷಯದಲ್ಲಿಯೂ ಹಾಗೆಯೇ. ಹುಡುಕುವ ಕೆಲಸ ಯಂತ್ರಕ್ಕೆ ಸಂದಿದೆ. ತೂಗಿ ನೋಡುವ ಹೊಣೆ ಇನ್ನೂ ವಕೀಲನದೇ. ಆ ಹೊಣೆಯನ್ನು ಮರೆತದ್ದರ ಬೆಲೆಯನ್ನು ತೆರುವವನು ಮಾತ್ರ ಕರಾರಿಗೆ ರುಜು ಹಾಕಿದ ಕಕ್ಷಿದಾರ.