‘ಬೆಟ್ಟದ ಜೀವ’ದಲ್ಲಿ ಬಂದವರೂ ಇದ್ದವರೂ

ಮಲೆಯೊಳಗಿನ ಊರನ್ನು ಕುರಿತು ಬರೆದವರಲ್ಲಿ ಹೆಚ್ಚಿನವರು ಅಲ್ಲಿಗೆ ಹೋಗಿ ಬಂದವರು, ಅಲ್ಲಿ ಇದ್ದವರಲ್ಲ. ನಾಲ್ಕು ದಿನದ ಅತಿಥಿಗೆ ಮಳೆಯೆಂದರೆ ಸಂಗೀತ, ಕತ್ತಲೆಯೆಂದರೆ ಶಾಂತಿ, ಜಿಗಣೆಯೆಂದರೆ ಊರಿಗೆ ಮರಳಿ ಹೇಳಿ ನಗುವ ಕತೆ. ಶಿವರಾಮ ಕಾರಂತರು 1943ರಲ್ಲಿ ಪ್ರಕಟಿಸಿದ ‘ಬೆಟ್ಟದ ಜೀವ’ವೂ ಒಬ್ಬ ಅತಿಥಿಯ ಬಾಯಿಂದಲೇ ಬಂದ ಕಾದಂಬರಿ. ಸುಬ್ರಹ್ಮಣ್ಯದ ಆಸುಪಾಸಿನ ಕಾಡಿನಲ್ಲಿ ದಾರಿ ತಪ್ಪಿದವನು ದೇರಣ್ಣ, ಬಟ್ಯರ ನೆರವಿನಿಂದ ಕೆಳಬೈಲಿನ ಗೋಪಾಲಯ್ಯನವರ ಮನೆ ಸೇರುತ್ತಾನೆ. ಹೊರಡುತ್ತೇನೆಂದರೂ ಮನೆಯವರು ಬಿಡರು. ಆದರೂ ಈ ಕೃತಿಯನ್ನು ನಾವು ಪ್ರವಾಸ ವರ್ಣನೆಯ ಸಾಲಿಗೆ ಸೇರಿಸಲಾರೆವು. ಅತಿಥಿಯ ಕಣ್ಣಿಗೆ ಕಾಣಿಸುವುದೆಷ್ಟು, ಕಾಣಿಸದುದೆಷ್ಟು ಎಂಬುದನ್ನು ಕಾರಂತರು ಬಲ್ಲವರಾಗಿದ್ದರು.

ನಮ್ಮ ಶಾಲೆಗಳಲ್ಲಿ ಈ ಕಾದಂಬರಿಯ ಮಾತು ಬಂದಾಗಲೆಲ್ಲ ‘ಪ್ರಕೃತಿಯ ಮೇಲೆ ಮಾನವನ ವಿಜಯ’ ಎಂಬ ಒಂದು ವಾಕ್ಯವನ್ನು ಹಲಗೆಯ ಮೇಲೆ ಬರೆದು ಮುಗಿಸುವ ವಾಡಿಕೆಯಿದೆ. ಉತ್ತರಪತ್ರಿಕೆಗೆ ಅದು ಅನುಕೂಲವಾದ ವಾಕ್ಯ. ಕೃತಿಗೆ ಮಾತ್ರ ಅನ್ಯಾಯ. ಕಾಡು ಕಡಿದು ತೋಟ ಮಾಡಿದುದು ಕತೆಯ ಹಿನ್ನೆಲೆಯಷ್ಟೇ. ಆ ತೋಟದಲ್ಲಿ ಇನ್ನು ಯಾರಿರುತ್ತಾರೆ ಎಂಬ ಪ್ರಶ್ನೆಯೇ ಅದರ ನಡೆ. ಒಬ್ಬನೇ ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಮುದುಕರಿಬ್ಬರು ಕಾಯುತ್ತಿದ್ದಾರೆ. ಹೀಗಿರುವಾಗ ವಿಜಯವೆಂಬ ಮಾತು ಯಾವ ಬಾಯಿಂದ ಬರಬೇಕು?

ಶಂಕರಮ್ಮನವರ ಉಪಚಾರವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಿ ನೋಡಬೇಕೆಂದು ನಮ್ಮ ಉಪಾಧ್ಯಾಯ ಬಂಧುಗಳಲ್ಲಿ ವಿನಂತಿ. ಎಣ್ಣೆಸ್ನಾನ, ಬಿಸಿಯೂಟ, ಇನ್ನೊಂದು ದಿನ ಇರಬೇಕೆಂಬ ಒತ್ತಾಯ – ಇವನ್ನೆಲ್ಲ ಹಳ್ಳಿಯ ಸಹಜ ಔದಾರ್ಯವೆಂದು ನಾವು ಹೊಗಳುತ್ತೇವೆ. ಔದಾರ್ಯವೇ ಸರಿ. ಆದರೆ ಹೊಸ ಮುಖವೊಂದನ್ನು ಕಾಣದೆ ತಿಂಗಳುಗಳನ್ನು ಕಳೆಯಬೇಕಾದ ಮನೆಯ ಹಸಿವೂ ಅದರಲ್ಲಿದೆ. ಮಗನಿಗೆ ಬಡಿಸಬೇಕಾದುದನ್ನು ಆಕೆ ದಾರಿಹೋಕನಿಗೆ ಬಡಿಸುತ್ತಿದ್ದಾರೆ. ಅತಿಥಿಯಾದವನು ಇದನ್ನು ತಡವಾಗಿ ಅರಿಯುತ್ತಾನೆ. ಅರಿತ ಮೇಲೆ ಅವನಿಗೆ ಆ ಊಟ ಹಗುರವಾಗಿ ಇಳಿಯುವುದಿಲ್ಲ. ಕಾರಂತರು ಈ ನೋವನ್ನು ಕೂಗಿ ಹೇಳದೆ ಮಾತಿನ ನಡುವಿನ ಮೌನಕ್ಕೆ ಬಿಟ್ಟಿರುವುದು ಕೃತಿಯ ಹೆಚ್ಚಳ.

ಇನ್ನು ಗೋಪಾಲಯ್ಯನವರು ಹೂಡಿದ ಬಂಡವಾಳದ ವಿಚಾರ. ಅಡಿಕೆ ತೋಟದ ಲೆಕ್ಕವನ್ನು ತಿಳಿಯದವರಿಗೆ ಈ ಪಾತ್ರ ಅರ್ಧವೇ ತಿಳಿದೀತು. ಸಸಿ ನೆಟ್ಟು ಫಲ ಕಾಣಲು ಐದರಿಂದ ಏಳು ವರ್ಷ ಬೇಕು. ತುಂಬು ಫಸಲಿಗೆ ಇನ್ನೂ ಕೆಲವು ವರ್ಷ. ಅಲ್ಲಿಯವರೆಗೆ ನೀರು ಹರಿಯಲು ಕಣಿ ತೋಡಬೇಕು, ಬುಡಕ್ಕೆ ಕಾಡಿನ ಸೊಪ್ಪು ಹೊರಬೇಕು, ಹಂದಿ ಆನೆಗಳನ್ನು ಕಾಯಬೇಕು. ಮಳೆಗಾಲದಲ್ಲಿ ಕೊಳೆರೋಗ ಬಂತೆಂದರೆ ವರ್ಷದ ಬೆಳೆ ಹದಿನೈದು ದಿನಗಳಲ್ಲಿ ನೆಲಕ್ಕುದುರುತ್ತದೆ. ಹಾಳೆಯ ಕೊಟ್ಟೆಯನ್ನು ಗೊನೆಗೆ ಕಟ್ಟುವುದು ಹಿಂದಿನ ಕ್ರಮ. ನೂರು ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ಈಗಿನ ಕ್ರಮ. ಎರಡಕ್ಕೂ ನುಣುಪಾದ ಒದ್ದೆಮರವನ್ನು ಏರುವವರು ಬೇಕು. ಇಂತಹ ಬೆಳೆಗಾಗಿ ಕಾಟುಮೂಲೆಯ ಕಾಡನ್ನು ಸಾಗುವಳಿಗೆ ತರಲು ಹೊರಟ ಮುದುಕರು ಹೂಡುತ್ತಿರುವುದು ಹಣವನ್ನಲ್ಲ, ತಮ್ಮ ಪಾಲಿಗೆ ಉಳಿದಿರುವ ವರ್ಷಗಳನ್ನು. ಅಲ್ಲಿಯ ಪೂರ್ಣ ಫಸಲನ್ನು ತಾವು ಉಣ್ಣಲಾರೆವೆಂದು ತಿಳಿದವರು ಮಾತ್ರ ಹಾಗೆ ಹೂಡಬಲ್ಲರು.

ಕಾಟುಮೂಲೆಯಲ್ಲಿ ದುಡಿಯುತ್ತಿರುವವನು ನಾರಾಯಣ. ಜೊತೆಗೆ ಹೆಂಡತಿ ಲಕ್ಷ್ಮಿ. ಮುದುಕರಿಗೆ ಅವರು ಮಕ್ಕಳಂತೆ. ‘ಅಂತೆ’ ಎಂಬ ಈ ಎರಡಕ್ಷರದಲ್ಲಿಯೇ ಕಾದಂಬರಿಯ ಹೃದಯವಿದೆಯೆಂಬುದು ನಮ್ಮ ಅಭಿಪ್ರಾಯ. ನಾಳೆ ಶಂಭು ಮರಳಿ ಬಂದರೆ ತನ್ನ ಬೆವರಿನ ತೋಟ ಯಾರದು ಎಂಬ ಅಳುಕು ನಾರಾಯಣನಿಗಿದೆ. ಬಿಟ್ಟು ಹೋಗುವ ಯೋಚನೆಯೂ ಇದೆ. ನಮ್ಮ ಹಿರಿಯರಿಗೆ ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳ ವ್ಯತ್ಯಾಸ ಗೊತ್ತಿತ್ತು: ಮೊದಲನೆಯದು ತಲೆಮಾರಿಗೆ ಇಳಿಯುವ ಹಕ್ಕು, ಎರಡನೆಯದು ಧಣಿಯ ಮರ್ಜಿ. ಕರ್ನಾಟಕದಲ್ಲಿ 1974ರ ಭೂಸುಧಾರಣಾ ತಿದ್ದುಪಡಿಯೂ ಕೇರಳದಲ್ಲಿ ಅದಕ್ಕೂ ಮೊದಲೇ ಬಂದ ಕಾನೂನೂ ಗೇಣಿಯ ಪ್ರಶ್ನೆಯನ್ನು ಕೈಗೆತ್ತಿಕೊಂಡವು. 1943ರ ನಾರಾಯಣನಿಗೆ ಅಂತಹ ಆಸರೆಯಿಲ್ಲ, ಗೋಪಾಲಯ್ಯನವರ ಒಳ್ಳೆಯತನ ಮಾತ್ರ ಇದೆ.

ಇಲ್ಲಿ ನಮ್ಮ ಒಂದು ಆಕ್ಷೇಪವಿದೆ. ಧಣಿ ಒಳ್ಳೆಯವನಾಗಿರುವುದರಿಂದ ಪ್ರಶ್ನೆ ಮೆತ್ತಗಾಗುತ್ತದೆ. ಒಳ್ಳೆಯವನಲ್ಲದಿದ್ದರೆ? ಇದೇ ಲೇಖಕರು ಹತ್ತು ವರ್ಷ ಮೊದಲು, 1933ರಲ್ಲಿ, ‘ಚೋಮನ ದುಡಿ’ಯಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದರು. ಚೋಮನಿಗೂ ಬೇಕಾದುದು ಉಳಲು ಒಂದು ತುಂಡು ನೆಲವೇ. ಹುಟ್ಟಿದ ಜಾತಿಯ ದೆಸೆಯಿಂದ ಅದು ದಕ್ಕಲಿಲ್ಲ. ಎರಡೂ ಕೃತಿಗಳನ್ನು ಬೇರೆಬೇರೆಯಾಗಿ ಓದಿಸುವುದರಿಂದ ಮಕ್ಕಳಿಗೆ ಒಂದರಲ್ಲಿ ಸಾಹಸವೂ ಇನ್ನೊಂದರಲ್ಲಿ ಕಣ್ಣೀರೂ ಸಿಗುತ್ತವೆ, ನಡುವಿನ ನಂಟು ಸಿಗುವುದಿಲ್ಲ. ದೇರಣ್ಣ, ಬಟ್ಯರನ್ನೂ ಗಮನಿಸಿರಿ. ಆರಂಭದ ಕಾಡುದಾರಿಯಲ್ಲಿ ಎಷ್ಟು ಜೀವಂತವಾಗಿದ್ದಾರೆ! ಮನೆಯ ಅಂಗಳ ಬಂದೊಡನೆ ಪಕ್ಕಕ್ಕೆ ಸರಿಯುತ್ತಾರೆ. (ಆ ಸೀಮೆಯ ತುಳು, ಅರೆಭಾಷೆಗಳೆಲ್ಲ ಕಾದಂಬರಿಯಲ್ಲಿ ಬಹುಮಟ್ಟಿಗೆ ಒಂದೇ ಕನ್ನಡವಾಗಿ ಕೇಳಿಸುತ್ತವೆ. ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು, ಶಾಲೆಯಲ್ಲಿ ಒಂದು ಭಾಷೆಯಾಡುವ ನಮ್ಮ ಮಕ್ಕಳಿಗೆ ಇದು ಬೇಗ ಹೊಳೆಯುತ್ತದೆ.) ತೋಟವಾಗುವ ಮೊದಲೇ ಕಾಡಿನಲ್ಲಿ ಬಾಳಿದವರನ್ನು ನಡುವೆ ನಿಲ್ಲಿಸಿ ಬರೆಯಲು ಕಾರಂತರು 1951ರ ‘ಕುಡಿಯರ ಕೂಸು’ವಿನವರೆಗೆ ಕಾಯಬೇಕಾಯಿತು.

ಪಿ. ಶೇಷಾದ್ರಿಯವರು ‘ಬೆಟ್ಟದ ಜೀವ’ವನ್ನು ಚಲನಚಿತ್ರವಾಗಿಸಿದರು, ಪರಿಸರ ಸಂರಕ್ಷಣೆಯ ಚಿತ್ರವೆಂದು ಅದಕ್ಕೆ 2010ನೆಯ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಕಾಡು ಕಡಿದವನ ಕತೆಗೆ ಕಾಡು ಉಳಿಸುವ ಪ್ರಶಸ್ತಿಯೇ ಎಂದು ನಕ್ಕವರುಂಟು. ನಮಗೆ ನಗು ಬರಲಿಲ್ಲ. ಗೋಪಾಲಯ್ಯನವರು ಹಣ ಹೂಡಿ ದೂರ ಕುಳಿತವರಲ್ಲ. ಕಡಿದ ಕಾಡಿನ ಅಂಚಿನಲ್ಲಿಯೇ ಮನೆ ಕಟ್ಟಿ, ಅದೇ ಒರತೆಯ ನೀರು ಕುಡಿದು, ಅದೇ ಸೊಪ್ಪು ನಂಬಿ ಬದುಕಿದವರು. ಗುಡ್ಡ ಬೋಳಾದರೆ ಮೊದಲು ಬತ್ತುವುದು ಅವರ ಕಣಿಯೇ. ಇದರ ಎದುರು ನಮ್ಮ ಕಾಸರಗೋಡಿನ ಎಣ್ಮಕಜೆ, ಬೆಳ್ಳೂರು ಸೀಮೆಯನ್ನು ಇಟ್ಟು ನೋಡಬಹುದು. ಅಲ್ಲಿಯ ಗುಡ್ಡಗಳ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಸುರಿಯಲು ಅಪ್ಪಣೆ ಕೊಟ್ಟವರು ಆ ಗುಡ್ಡದ ಸುರಂಗದ ನೀರು ಕುಡಿಯುವವರಾಗಿರಲಿಲ್ಲ.

1956ರ ನವಂಬರ 1ರವರೆಗೆ ಕೆಳಬೈಲಿನ ಸೀಮೆಯೂ ನಮ್ಮ ತಾಲೂಕೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದವು. ಆದುದರಿಂದ ಈ ಕಾದಂಬರಿಯ ತೋಟ, ಮಳೆ, ಊಟದ ಸಾಲು, ಯಾವುದಕ್ಕೂ ನಮ್ಮ ತರಗತಿಯಲ್ಲಿ ಟಿಪ್ಪಣಿ ಬೇಕಾಗುವುದಿಲ್ಲ. ಶಂಭುವಿಗೂ ಬೇಕಾಗುವುದಿಲ್ಲ. ಅಡಿಕೆ ತೋಟದ ಮನೆಗಳಿಂದ ಬಂದ ಮಕ್ಕಳಲ್ಲಿ ಹಲವರ ಅಣ್ಣಂದಿರು ಬೆಂಗಳೂರಿನಲ್ಲಿಯೋ ಕೊಲ್ಲಿಯ ದೇಶಗಳಲ್ಲಿಯೋ ಇದ್ದಾರೆ. ರಜೆಯಲ್ಲಿ ಅತಿಥಿಗಳಂತೆ ಬಂದು ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಕಾದಂಬರಿಯ ಕೆಲವು ಪುಟಗಳನ್ನು ಓದಿ ಹೇಳಿದ ದಿನ ಒಬ್ಬ ಹುಡುಗ “ಮಾಸ್ತರೇ, ಶಂಭು ಯಾಕೆ ಬರಬೇಕು?” ಎಂದು ಕೇಳಿದನು. ಇನ್ನೊಬ್ಬಳು, “ಬಂದರೆ ನಾರಾಯಣ ಎಲ್ಲಿಗೆ ಹೋಗುವುದು?” ಎಂದಳು. ವಿಜಯದ ವಾಕ್ಯವನ್ನು ಬಾಯಿಪಾಠ ಮಾಡಿಸಿದ್ದರೆ ಈ ಎರಡು ಪ್ರಶ್ನೆಗಳು ನಮ್ಮ ಕಿವಿಗೆ ಬೀಳುತ್ತಿರಲಿಲ್ಲ. ಮುಂದಿನ ಪಾಠದಲ್ಲಿ ಗೋಪಾಲಯ್ಯನವರ ಸಾಹಸವನ್ನು ವರ್ಣಿಸಲು ಹೇಳದೆ, ಶಂಕರಮ್ಮನವರು ಮಗನಿಗೆ ಬರೆಯಬಹುದಾಗಿದ್ದ ಒಂದು ಕಾಗದವನ್ನು ಬರೆದು ತರಲು ಹೇಳಿದ್ದೇವೆ.